ನೀರನ್ನ ಎಲ್ಲಿ ಹಿಡಿಯೂದು?

ಮೈಯಲ್ಲಿ ಕಸುವು ಯಾರಿಗಿದೆ ಎಂದು ನಮ್ಮ ಮಂಚಿಕೇರಿ ಕಡೆ ಕೇಳಿದರೆ ಜನ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ತೋರಿಸುತ್ತಾರೆ. ತೋರಿಸುವುದರಲ್ಲಿ ತಪ್ಪೇನಿಲ್ಲ. ಐವತ್ತು-ಅರವತ್ತು ಅಡಿಯ ಅಡಿಕೆ ಮರದ ಬುಡದಲ್ಲಿ ನಿಂತು, ಪಾದಗಳಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು, ಒಮ್ಮೆ ಮೇಲೆ ನೋಡಿ ಹೊರಟುಬಿಡುತ್ತಾನೆ. ಎರಡೂ ಕೈ ಮರವನ್ನು ತಬ್ಬುತ್ತವೆ. ಮುಂಗೈ ಬಿಗಿಯುತ್ತದೆ, ಬೆನ್ನು ಮೈಯನ್ನು ಮೇಲಕ್ಕೆ ಜಗ್ಗುತ್ತದೆ, ಮಂಡಿ ಮಡಚಿ ಪಾದಗಳು ಮೇಲೆ ಬಂದು ಮರಕ್ಕೆ ಕಚ್ಚುತ್ತವೆ, ತೊಡೆ ನೆಟ್ಟಗಾಗುತ್ತದೆ. ಮತ್ತೊಂದು ಮೊಳ ಏರಿದಂತಾಯಿತು. ತುದಿ ಮುಟ್ಟಿ ಕೊನೆ ಕೊಯ್ದು, ಕೆಳಗಿನವನು ಹಿಡಿದ ಹಗ್ಗದ ಮೇಲೆ ಅದನ್ನು ಜಾರಬಿಟ್ಟ ಮೇಲೂ ಆತ ಇಳಿಯುವುದಿಲ್ಲ. ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರ ಹಿಡಿಯುತ್ತಾನೆ. ಕೆಳಗೆ ನಿಂತು ಕತ್ತೆತ್ತಿ ನೋಡುವ ನಮಗೆ ಕತ್ತು ನೋಯುತ್ತದೆ.

ನಮ್ಮ ತೋಟಕ್ಕೆ ವರ್ಷವೂ ಬರುವ ಒಬ್ಬರು ಕೊನೆಗೌಡರು ಬೇಡ್ತಿ ಹೊಳೆಯಲ್ಲಿ ಸೊಂಟಮಟ್ಟದ ನೀರು ದಾಟಿ ಒಂದು ಹೆಜ್ಜೆ ಇಡುವವರಲ್ಲ. ಒಂದು ಬೇಸಿಗೆಯಲ್ಲಿ ಊರ ಹುಡುಗರು ಗುಂಡಿಯಲ್ಲಿ ದುಮುಕುತ್ತಿದ್ದಾಗ ಅವರನ್ನೂ ಕರೆದೆ. ಇಷ್ಟೆತ್ತರದಿಂದ ಹೆದರದವರು ಇಷ್ಟು ಆಳಕ್ಕೆ ಹೆದರುವುದೇ ಎಂದು ಸ್ವಲ್ಪ ಚೇಷ್ಟೆಯನ್ನೂ ಮಾಡಿದೆ. ಅವರು ನಗಲಿಲ್ಲ. “ಮರ ಅಂದ್ರೆ ಹಿಡ್ಕಳಕ್ಕೆ ಸಿಗ್ತದ್ರಾ ಭಟ್ರೆ. ನೀರನ್ನ ಎಲ್ಲಿ ಹಿಡಿಯೂದು?” ಎಂದರು.

ಈಜಿನ ಬಗ್ಗೆ ನಾನು ಓದಿದ ಯಾವ ವಿವರಣೆಯೂ ಈ ಪ್ರಶ್ನೆಯಷ್ಟು ನೇರವಾಗಿ ವಿಷಯಕ್ಕೆ ಬಂದಿಲ್ಲ.

ಮೈಯ ಲೆಕ್ಕದಲ್ಲಿ ನೋಡಿದರೆ ಕೊನೆಗೌಡರಿಗೆ ಈಜಲು ಬೇಕಾದ್ದೆಲ್ಲ ಇದೆ. ಕೈ ಮುಂದೆ ಚಾಚಿ ನೀರನ್ನು ಹಿಂದಕ್ಕೆ ಎಳೆಯುವ ಮುಖ್ಯ ಸ್ನಾಯು ಬೆನ್ನಿನದು. ಸೊಂಟದಿಂದ ಹೊರಟು ಬೆನ್ನಿನ ಎರಡೂ ಬದಿಗೆ ಅಗಲವಾಗಿ ಹರಡಿ ಕಂಕುಳ ಹತ್ತಿರ ತೋಳಿನ ಎಲುಬಿಗೆ ಅಂಟಿಕೊಳ್ಳುವ ಇದನ್ನು ವೈದ್ಯರು ಲ್ಯಾಟಿಸಿಮಸ್ ಡಾರ್ಸಿ ಎನ್ನುತ್ತಾರೆ. ಮರ ಹತ್ತುವಾಗ ಮೈಯನ್ನು ಮೇಲೆ ಜಗ್ಗುವುದೂ ಇದೇ ಸ್ನಾಯು. ಎರಡರಲ್ಲೂ ಕೆಲಸ ಒಂದೇ: ಕೈ ಒಂದೆಡೆ ಊರಿಕೊಳ್ಳಬೇಕು, ಮೈ ಆ ಕೈಯನ್ನು ದಾಟಿ ಹೋಗಬೇಕು. ಇದಕ್ಕೆ ಎದೆಯ ಸ್ನಾಯು, ತೋಳಿನ ಹಿಂಬದಿಯ ಸ್ನಾಯು ಜತೆಗೂಡುತ್ತವೆ. ಭುಜದ ಕೀಲನ್ನು ಸುತ್ತುವರಿದ ನಾಲ್ಕು ಸಣ್ಣ ಸ್ನಾಯುಗಳು ಕೀಲು ಜಾರದಂತೆ ಕಾಯುತ್ತವೆ. ಹೊಟ್ಟೆ ಮತ್ತು ಸೊಂಟದವು ಮೈಯನ್ನು ಬಾಗಗೊಡದೆ ಒಂದು ಗೆರೆಯಲ್ಲಿ ಇಡುತ್ತವೆ. ಕಾಲಿನ ಕೆಲಸ ನಾವಂದುಕೊಂಡಷ್ಟಿಲ್ಲ. ಮುಖ ಕೆಳಗೆ ಮಾಡಿ ಈಜುವ ಫ್ರೀಸ್ಟೈಲ್‌ನಲ್ಲಿ ಮುಂದೆ ಒಯ್ಯುವ ಬಲದ ಬಹುಪಾಲು ತೋಳುಗಳದ್ದೇ. ಕಪ್ಪೆಯಂತೆ ಕಾಲೊದೆಯುವ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಾತ್ರ ತೊಡೆ ಮತ್ತು ಪೃಷ್ಠಕ್ಕೆ ಹೆಚ್ಚು ದುಡಿಮೆ.

ಅಂದಮೇಲೆ ಇಡೀ ಊರಿನಲ್ಲಿ ಈಜಿಗೆ ತಕ್ಕ ಬೆನ್ನು ಯಾರದೆಂದರೆ ಕೊನೆಗೌಡರದೇ. ಆ ಬೆನ್ನು ನೀರಿನಲ್ಲಿ ಯಾಕೆ ಕೆಲಸಕ್ಕೆ ಬರುವುದಿಲ್ಲ?

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ತೋಳಿಗೆ ಒರಗಲು ಅದು ಏನನ್ನೋ ಕೊಡುತ್ತದೆ, ಆದರೆ ಮುಷ್ಟಿಗೆ ಏನನ್ನೂ ಕೊಡುವುದಿಲ್ಲ. ಮರದ ಮೇಲೆ ಜೀವ ಉಳಿಸುವ ಮುಷ್ಟಿ ಇಲ್ಲಿ ಬರೀ ದಂಡ. ಅಂಗೈ, ಮುಂಗೈ ಎರಡನ್ನೂ ಸೇರಿಸಿ ದೋಣಿಯ ಹುಟ್ಟಿನಂತೆ ಅಗಲ ಮಾಡಿ, ಮೊಣಕೈ ಮೇಲಿಟ್ಟು, ಅವಸರವಿಲ್ಲದೆ ಒತ್ತಿದರೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಬೆರಳುಗಳನ್ನು ಬಿಗಿಯಾಗಿ ಜೋಡಿಸುವುದೂ ಬೇಕಾಗಿಲ್ಲ. ನಡುವೆ ತುಸು ಸಂದು ಬಿಟ್ಟರೆ ಎಳೆತಕ್ಕೆ ಒಂದಿಷ್ಟು ಲಾಭವೇ ಎಂದು ಅಳೆದು ನೋಡಿದವರು ಹೇಳುತ್ತಾರೆ. ರಭಸದಿಂದ ಎಳೆದರೆ ನೀರು ಪಕ್ಕಕ್ಕೆ ಸರಿದು ಕೈ ಬರಿದೇ ಹಿಂದಕ್ಕೆ ಬರುತ್ತದೆ.

ಬಲ ಹಾಕಿದವನನ್ನು ನೀರು ದಂಡಿಸುವ ಲೆಕ್ಕವೂ ಬಲು ಕಟು. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು. ಆ ತಡೆಯನ್ನು ಆ ವೇಗದಲ್ಲಿ ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಈಜುವವನ ಮೈ ಸುಡುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲೂ ಅವನನ್ನು ಮುಂದೆ ಒಯ್ಯುವುದಿಲ್ಲ, ಉಳಿದದ್ದು ಮೈಕಾವು ಮತ್ತು ನೀರಿನ ಕಲಕಾಟ. ಆದ್ದರಿಂದ ಪಳಗಿದವರು ಬಲ ಹೆಚ್ಚಿಸುವುದಕ್ಕಿಂತ ತಡೆ ತಗ್ಗಿಸುವುದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ: ತಲೆ ಎತ್ತದೆ, ಸೊಂಟ ಕುಸಿಯಗೊಡದೆ, ಮೈ ನೀಳವಾಗಿಟ್ಟು, ಬಗ್ಗಿದ್ದನ್ನೆಲ್ಲ ನೆಟ್ಟಗೆ ಮಾಡಿಕೊಂಡು. ಹೊಸಬ ಮಾಡುವುದು ಇದಕ್ಕೆ ತದ್ವಿರುದ್ಧ. ಹೆದರಿ ತಲೆ ಎತ್ತುತ್ತಾನೆ, ಎತ್ತಿದ ಕೂಡಲೇ ಕಾಲು ಕೆಳಗೆ ಹೋಗುತ್ತದೆ. ಎದೆಯಲ್ಲಿ ಗಾಳಿ ಇದೆ, ಕಾಲಲ್ಲಿ ಮಾಂಸ ಮತ್ತು ಎಲುಬು. ಮೈ ನಿಂತ ಭಂಗಿಗೆ ತಿರುಗುವುದು ಸಹಜ. ಆಗ ಆತ ಕೈ ಮಡಚುವ ಸ್ನಾಯು, ಚಾಚುವ ಸ್ನಾಯು ಎರಡನ್ನೂ ಒಟ್ಟಿಗೆ ಬಿಗಿಯುತ್ತಾನೆ. ಒಂದು ಎಳೆಯುವಾಗ ಇನ್ನೊಂದು ಸಡಿಲಬೇಕಾದ ಜೋಡಿಗಳು ಒಂದನ್ನೊಂದು ತಡೆದು ನಿಲ್ಲುತ್ತವೆ. ಹೊರಗೆ ಚಲನೆ ಇಲ್ಲ, ಒಳಗೆ ಸುಸ್ತು. ಈಜು ಕಲಿಯುವುದೆಂದರೆ ಬಹುಮಟ್ಟಿಗೆ ಈ ಒಳಜಗಳ ಬಿಡಿಸುವುದು.

ನಮ್ಮ ಹಿರಿಯರು ಇದನ್ನು ಬಾಳೆದಿಂಡಿನಿಂದ ಬಿಡಿಸುತ್ತಿದ್ದರು. ಎರಡು ಒಣ ತೆಂಗಿನಕಾಯಿಯನ್ನು ಸಿಪ್ಪೆಯ ನಾರಿನಲ್ಲೇ ಗಂಟು ಹಾಕಿ ಕಂಕುಳ ಕೆಳಗೆ ಕೊಡುವವರೂ ಇದ್ದರು. ಬಯಲುಸೀಮೆಯಲ್ಲಿ ಸೋರೆಬುರುಡೆ. “ಹೆದ್ರಡ ತಮಾ, ಉಸ್ರು ಬಿಡು” ಎಂದು ದಡದಿಂದ ಕೂಗು ಬರುತ್ತಿತ್ತು. ಗಮನಿಸಿ, ಕೈ ಜೋರಾಗಿ ಬಡಿ ಎಂದು ಯಾರೂ ಕೂಗುತ್ತಿರಲಿಲ್ಲ. ಎದೆಯವರೆಗೆ ನೀರಿದ್ದರೆ ಅದರ ಒತ್ತಡಕ್ಕೆ ಎದುರಾಗಿ ಉಸಿರೆಳೆಯಬೇಕು. ವಪೆ ಮತ್ತು ಪಕ್ಕೆಲುಬಿನ ನಡುವಣ ಸ್ನಾಯುಗಳಿಗೆ ಅದೇ ವ್ಯಾಯಾಮ. ಮುಖ ಮುಳುಗಿದಾಗ ಬಿಡಬೇಕು, ಹೊರಳಿದಾಗ ಎಳೆಯಬೇಕು. ಹೊಸಬರು ಬಿಡುವುದನ್ನೇ ಮರೆತು ಎಳೆಯುತ್ತ ಹೋಗುತ್ತಾರೆ. ಎದೆ ಹಳೆಯ ಗಾಳಿಯಿಂದ ತುಂಬಿರುವಾಗ ಹೊಸದಕ್ಕೆ ಜಾಗವೆಲ್ಲಿ?

ಇನ್ನು ನನ್ನನ್ನು ಬಹಳ ದಿನ ಕಾಡಿದ ಸಂಗತಿಗೆ ಬರುತ್ತೇನೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುವಾಗ ಉಸಿರಿಗೇ ಬಿಡುವಿಲ್ಲ, ಕೂಗು ಎಲ್ಲಿಂದ? ತಲೆ ಹಿಂದಕ್ಕೆ ವಾಲಿರುತ್ತದೆ, ಮೈ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಕಾಣದ ಏಣಿಯೊಂದನ್ನು ಹತ್ತುತ್ತಿರುವ ಹಾಗೆ ಎಂದು ಜೀವರಕ್ಷಕರು ಇದನ್ನು ಗುರುತಿಸುತ್ತಾರೆ. ಇದೆಲ್ಲ ಒಂದು ನಿಮಿಷದೊಳಗೆ ಮುಗಿಯಬಹುದು. ಹತ್ತಿರ ಯಾರಾದರೂ ಸಿಕ್ಕರೆ ಅವರ ಹೆಗಲನ್ನೇ ಹತ್ತುತ್ತಾರೆ. ಉಳಿಸಲು ಹೋದವರೂ ಸಾಯುವುದು ಹಾಗೆ.

ಮುಳುಗುವುದೆಂದರೆ ನೀರಿನಲ್ಲಿ ಮರ ಹತ್ತುವುದು. ಕೊನೆಗೌಡರ ಮೈ ಬಾಲ್ಯದಿಂದ ಏನನ್ನು ಕಲಿತು ಪರಿಪೂರ್ಣ ಮಾಡಿಕೊಂಡಿದೆಯೋ, ಅಪಾಯ ಬಂದ ಕ್ಷಣದಲ್ಲಿ ಯಾವುದು ಯೋಚನೆಗೂ ಮೊದಲೇ ಒದಗಿ ಬರುತ್ತದೆಯೋ, ಅದೇ ಅವರನ್ನು ನೀರಿನಲ್ಲಿ ಕೊಲ್ಲುತ್ತದೆ. ಅವರು ಸೊಂಟದ ನೀರಿನಲ್ಲಿ ನಿಂತದ್ದು ಪುಕ್ಕಲುತನದಿಂದಲ್ಲ. ತಮ್ಮ ಬಲ ಎಲ್ಲಿಯವರೆಗೆ ಎಂಬ ಗಡಿ ಅವರಿಗೆ ಗೊತ್ತಿತ್ತು.

ಈ ಗಡಿಯ ಅರಿವು ನಮ್ಮಲ್ಲಿ ಬಹಳ ಮಂದಿಗಿಲ್ಲ. ಕಸುವನ್ನು ನಾವು ಮೈಯೊಳಗೆ ಕೂಡಿಟ್ಟ ಗಂಟು ಎಂದುಕೊಂಡಿದ್ದೇವೆ, ಎಲ್ಲಿ ಬಿಚ್ಚಿದರೂ ಅಷ್ಟೇ ಬೆಲೆ ಬಾಳುತ್ತದೆ ಎಂಬಂತೆ. ಕಚೇರಿಯಲ್ಲಿ ಗದರಿಸಿ ಕೆಲಸ ತೆಗೆಯುವವರು ಮನೆಯಲ್ಲೂ ಗದರಿಸಿ, ಹದಿನಾರರ ಮಗ ಮಾತು ಬಿಟ್ಟ ಮೇಲೆ ಇನ್ನೂ ಜೋರಾಗಿ ಗದರಿಸುತ್ತಾರೆ. ವೇದಿಕೆಯ ಮೇಲೆ ವಾದದಲ್ಲಿ ಗೆದ್ದವರು ಸಾವಿನ ಮನೆಗೂ ವಾದ ಹೊತ್ತುಕೊಂಡು ಹೋಗುವುದನ್ನು ನೋಡಿದ್ದೇನೆ. ಮುಷ್ಟಿ ಗಟ್ಟಿಯಾಗಿದೆ ನಿಜ, ಅಲ್ಲಿ ಮರ ಇಲ್ಲ ಅಷ್ಟೆ.

ಇದೇ ತಪ್ಪು ಸರ್ಕಾರಿ ಮಟ್ಟದಲ್ಲೂ ನಮ್ಮ ನೆರೆಯಲ್ಲೇ ಆಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ, ಅರಬರ ಹಡಗುಗಳಲ್ಲಿ ಗುಲಾಮರಾಗಿ ಬಂದ ಆಫ್ರಿಕನ್ನರ ಸಂತತಿ. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಮೊದಲೇ, 1980ರ ದಶಕದ ಕೊನೆಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ಓಟಗಾರರು ಜಗತ್ತನ್ನು ಗೆಲ್ಲುತ್ತಿದ್ದಾರೆ, ಇವರಲ್ಲೂ ಅದೇ ರಕ್ತ, ಪದಕ ಬಂದೇ ಬರುತ್ತದೆ ಎಂಬ ಎಣಿಕೆ. ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು, ಪದಕವನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹಲವರು ಮತ್ತೆ ಕೂಲಿಗೆ ಮರಳಿದರು. ರಕ್ತದಲ್ಲಿ ಬಲ ಇದೆ ಎಂದುಕೊಂಡವರಿಗೆ ಊಟ, ಅಂಕಣ, ಗುರು, ಮುಂದಿನ ನೌಕರಿ ಇವೆಲ್ಲ ಆ ಬಲದ ಅಂಗಗಳೇ ಎಂದು ತೋರಲಿಲ್ಲ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದರ ಇನ್ನೊಂದು ಮುಖ ಜಗತ್ತಿಗೇ ಕಂಡಿತು. ಇಕ್ವಟೋರಿಯಲ್ ಗಿನಿಯ ಎರಿಕ್ ಮುಸಂಬಾನಿ 100 ಮೀಟರ್ ಫ್ರೀಸ್ಟೈಲ್‌ಗೆ ಇಳಿದಿದ್ದ. ಅವನ ಗುಂಪಿನಲ್ಲಿದ್ದ ಇನ್ನಿಬ್ಬರು ಸಂಕೇತಕ್ಕೆ ಮೊದಲೇ ಹಾರಿ ಅನರ್ಹರಾದದ್ದರಿಂದ ಒಬ್ಬನೇ ಈಜಬೇಕಾಯಿತು. ತನ್ನೂರಲ್ಲಿ ಹೋಟೆಲೊಂದರ ಪುಟ್ಟ ಕೊಳದಲ್ಲಿ ಕಲಿತವನು. 50 ಮೀಟರಿನ ಕೊಳ ನೋಡಿದ್ದೇ ಅಲ್ಲಿ ಹೋದ ಮೇಲೆ. ಮೊದಲ 50 ಮೀಟರ್ ಹೇಗೋ ಆಯಿತು. ಹಿಂತಿರುಗುವಾಗ ತೋಳು ಎತ್ತಲಾರದೆ, ಕಾಲು ಇಳಿದು, ಮುಳುಗಿಯೇಬಿಟ್ಟನೇನೋ ಎಂಬಂತಾಯಿತು. ಜನ ಎದ್ದು ನಿಂತು ಹುರಿದುಂಬಿಸಿ ದಡ ಮುಟ್ಟಿಸಿದರು. 1 ನಿಮಿಷ 52.72 ಸೆಕೆಂಡ್, ಗೆದ್ದವರ ಹೊತ್ತಿಗಿಂತ ಎರಡು ಪಟ್ಟಿಗೂ ಹೆಚ್ಚು. ಗಟ್ಟಿಮುಟ್ಟಾದ ಯುವಕನಾಗಿದ್ದ, ಅವನ ದೇಶದಲ್ಲಿ ನೀರು ಮಾತ್ರ ಅಷ್ಟು ಉದ್ದವಿರಲಿಲ್ಲ. ಮುಂದೆ ಆತನೇ ತನ್ನ ದೇಶದ ಈಜು ತಂಡಕ್ಕೆ ಗುರುವಾದ.

ಅದೇ ಸಿಡ್ನಿಯಲ್ಲಿ 200 ಮೀಟರ್ ಈಜಿದವರು ಬೆಂಗಳೂರಿನ ನಿಶಾ ಮಿಲೆಟ್. ಐದರ ವಯಸ್ಸಿನಲ್ಲಿ ಮುಳುಗಿ ಹೋಗುವುದರಿಂದ ಕೂದಲೆಳೆಯಲ್ಲಿ ಪಾರಾದ ಹುಡುಗಿಯನ್ನು ನೀರಿನಿಂದ ದೂರ ಇಡುವ ಬದಲು ಮನೆಯವರು ನೀರಿಗೇ ಇಳಿಸಿದ್ದರು. ನಮ್ಮ ಕಡೆ ನಡೆದದ್ದು ಬೇರೆಯೇ ರೀತಿ. ಹೊಳೆದಂಡೆಯ ಮನೆಗಳಲ್ಲೂ ಮಾಣಿಗಳಿಗೆ ಬಾಳೆದಿಂಡು ಸಿಕ್ಕಿತು, ಹೆಣ್ಣು ಕೂಸುಗಳಿಗೆ ಸಿಕ್ಕಲಿಲ್ಲ. ಬಟ್ಟೆ ಒಗೆಯಲು, ನೀರು ತರಲು ದಿನವೂ ಹೊಳೆಗೆ ಇಳಿಯುವವರು ಅವರೇ. ಈಜು ಬಾರದವರೂ ಅವರೇ. ಸೀರೆಯುಟ್ಟು ಈಜುವುದು ಹೇಗೆ ಎಂದು ಕೇಳುತ್ತಿದ್ದರೇ ಹೊರತು, ಈಜುವಾಗ ಸೀರೆ ಯಾಕೆ ಎಂದು ಕೇಳಿದವರಿಲ್ಲ. ಕಲಿಸದೆ ಇಟ್ಟು, ಆಮೇಲೆ ಹೆಂಗಸರಿಗೆ ನೀರೆಂದರೆ ಹೆದರಿಕೆ ಎಂದು ಸಹಜ ಗುಣದ ಲೆಕ್ಕಕ್ಕೆ ಬರೆದುಬಿಟ್ಟೆವು. ನಿಜ ಹೇಳಬೇಕೆಂದರೆ ತೇಲುವ ಲೆಕ್ಕದಲ್ಲಿ ಹೆಣ್ಣಿನ ಮೈಗೇ ಅನುಕೂಲ ಹೆಚ್ಚು: ಕೊಬ್ಬಿನ ಅಂಶ ಸ್ವಲ್ಪ ಹೆಚ್ಚಿರುವುದರಿಂದ ಕಾಲು ಬೇಗ ಮುಳುಗುವುದಿಲ್ಲ, ಅದೇ ದೂರಕ್ಕೆ ಶಕ್ತಿ ಕಡಿಮೆ ಸಾಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲೇ ಚಿಕ್ಕವಳು ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು, 14 ವರ್ಷದವಳು.

ನೀರು ಒಬ್ಬರ ಬಲವನ್ನು ಕಿತ್ತುಕೊಳ್ಳುವಂತೆ ಇನ್ನೊಬ್ಬರಿಗೆ ಕೊಡುವುದೂ ಉಂಟು. ಸೊಂಟಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕುತ್ತಿಗೆಯವರೆಗೆ ಇಳಿದರೆ ಹತ್ತರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಮಂಡಿ ಸವೆದು ಅಂಗಳದ ಮೆಟ್ಟಿಲಿಗೂ ಕೈ ಆಸರೆ ಬೇಡುವ ಮುದುಕರು ನೀರಿನಲ್ಲಿ ಯಾರ ಹಂಗೂ ಇಲ್ಲದೆ ಓಡಾಡುತ್ತಾರೆ. ಬೆಂಗಳೂರಿನ ನಿರಂಜನ ಮುಕುಂದನ್ ಹುಟ್ಟುವಾಗಲೇ ಬೆನ್ನುಹುರಿಯ ದೋಷ ಹೊತ್ತು ಬಂದವರು. ಚಿಕಿತ್ಸೆಯೆಂದು ನೀರಿಗಿಳಿಸಿದ ಮಗು ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಈಜಿತು. ಎಡಗೈ ಸರಿಯಾಗಿ ಬೆಳೆಯದ ಶರತ್ ಗಾಯಕ್‌ವಾಡ್ 2014ರ ಇಂಚಿಯಾನ್ ಪ್ಯಾರಾ ಏಷ್ಯನ್ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಇವರ ಸಾಧನೆಯನ್ನು ಮನೋಬಲ ಎಂಬ ಒಂದೇ ಶಬ್ದದಲ್ಲಿ ಕಟ್ಟಿಹಾಕುವುದು ನನಗೆ ಇಷ್ಟವಿಲ್ಲ. ಮನೋಬಲ ಇತ್ತು, ಸರಿ. ಜತೆಗೆ ಆ ಮೈಗೆ ಒಪ್ಪುವ ನೀರೂ, ಅದರೊಳಗೆ ಬಿಟ್ಟ ತಂದೆತಾಯಿಯೂ ಇದ್ದರು. ನೆಲದ ಮೇಲೆ ಮಾತ್ರ ಅಳೆದು ‘ಕೈಲಾಗದವರು’ ಎಂದು ನಾವು ಬದಿಗೆ ಕೂರಿಸಿದವರಲ್ಲಿ ಎಷ್ಟು ಜನಕ್ಕೆ ತಕ್ಕ ನೀರೇ ಸಿಕ್ಕಿಲ್ಲವೋ.

ಹಾಗೆಂದು ನೀರನ್ನು ಸರ್ವರೋಗಕ್ಕೆ ಮದ್ದೆನ್ನುವ ಈಗಿನ ಹುಚ್ಚಿಗೂ ನನ್ನ ಒಪ್ಪಿಗೆ ಇಲ್ಲ. ಅರಬೈಲು ಘಟ್ಟವನ್ನು ಕಾಲ್ನಡಿಗೆಯಲ್ಲಿ ಇಳಿದವರಿಗೆ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆಗ ಆಗುವ ಸಣ್ಣಸಣ್ಣ ಗಾಯವೇ ಆ ನೋವು. ಈಜಿನಲ್ಲಿ ಹಾಗೆ ತಡೆದು ಹಿಡಿಯುವ ಕೆಲಸ ಬಹಳ ಕಡಿಮೆ. ಆದ್ದರಿಂದ ದಣಿವಾದೀತು, ಮರುದಿನದ ನೋವು ಅಷ್ಟಿಲ್ಲ. ಒಳ್ಳೆಯದೇ. ಆದರೆ ಎಲುಬು ಕೇಳುವುದು ಹೊರೆಯನ್ನು, ನೆಲದ ಪೆಟ್ಟನ್ನು. ಈಜನ್ನೇ ನೆಚ್ಚಿದವರ ಎಲುಬು ಓಡುವವರ, ಜಿಗಿಯುವವರ ಎಲುಬಿನಷ್ಟು ಗಟ್ಟಿಯಾಗುವುದಿಲ್ಲ. ಭಾರವೇ ಇಲ್ಲದ ಬಾಹ್ಯಾಕಾಶಕ್ಕೆ ಹೋದವರಂತೂ ಸೊಂಟದ ಎಲುಬಿನಲ್ಲಿ ತಿಂಗಳಿಗೆ ನೂರಕ್ಕೆ ಒಂದು ಪಾಲಿನಷ್ಟು ಕಳೆದುಕೊಂಡು ಬರುತ್ತಾರೆ. ಬೆಟ್ಟದಿಂದ ಸೊಪ್ಪಿನ ಹೊರೆ ತರುತ್ತಿದ್ದ ನಮ್ಮ ಹಳಬರ ಎಲುಬಿಗೆ ಯಾರೂ ಕ್ಯಾಲ್ಸಿಯಂ ಮಾತ್ರೆ ಬರೆದುಕೊಡಬೇಕಾಗಿರಲಿಲ್ಲ. ಅವರ ಬೆನ್ನು ಬಾಗಿ ಹೋದದ್ದೂ ಅದೇ ಹೊರೆಯಿಂದ ಎನ್ನುವುದನ್ನೂ ಮರೆಯಬಾರದು.

ನೀರಿನಲ್ಲೂ ಒಂದರ ಬಲ ಇನ್ನೊಂದಕ್ಕೆ ಸಲ್ಲುವುದಿಲ್ಲ. ಬೇಡ್ತಿ ಧಾರವಾಡದ ಕಡೆಯಿಂದ ಬಂದು ನಮ್ಮ ಕಾಡು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. 1980ರ ಸುಮಾರಿಗೆ ಜಲವಿದ್ಯುತ್ತಿಗಾಗಿ ಇದಕ್ಕೆ ಅಣೆಕಟ್ಟು ಹಾಕಲು ಹೊರಟಾಗ ಶಿರಸಿಯ ತೋಟಿಗರು ಲಾಭನಷ್ಟದ ಲೆಕ್ಕ ತಾವೇ ಹಾಕಿಸಿ ಎದುರು ನಿಂತದ್ದರಿಂದ ನಾವು ಇಳಿಯುವ ಗುಂಡಿಗಳು ಇನ್ನೂ ಇವೆ. ಬೇಸಿಗೆಯಲ್ಲಿ ನೋಡಿದರೆ ಪಾಪದ ಹೊಳೆ. ಹುಬ್ಬಳ್ಳಿ, ಬೆಂಗಳೂರಿನಿಂದ ಬರುವವರು ಅದನ್ನು ನೋಡಿ, ನಮಗೆ ಈಜು ಬರುತ್ತದೆ ಎಂದು ಇಳಿಯುತ್ತಾರೆ. ಬರುವುದೂ ಸುಳ್ಳಲ್ಲ. ಕೊಳದಲ್ಲಿ ನೂರು ಸುತ್ತು ಹಾಕಿದ ತೋಳು ಅದು. ಆದರೆ ಆ ತೋಳಿಗೆ 25 ಮೀಟರಿಗೊಮ್ಮೆ ಗೋಡೆ ಸಿಕ್ಕಿ ಅಭ್ಯಾಸ. ನೀರು ತಾನೇ ನಡೆಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಸೆಳವಿಗೆ ಸಿಕ್ಕಾಗ ಹೊಳೆಯವರು ಓರೆಯಾಗಿ, ಹರಿವಿನ ಜತೆಗೇ ಸಾಗಿ, ಅರ್ಧ ಫರ್ಲಾಂಗು ಕೆಳಗೆ ದಡ ಹತ್ತುತ್ತಾರೆ. ಕೊಳದವರು ಇಳಿದ ಜಾಗಕ್ಕೇ ಮರಳಲು ಎದುರೀಜು ಬೀಳುತ್ತಾರೆ, ಕೈ ಸೋಲುವವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ತೀರಿಕೊಂಡರು. ನಮ್ಮ ಜಿಲ್ಲೆಯ ಹೊಳೆ, ಜಲಪಾತಗಳೂ ಆ ಲೆಕ್ಕಕ್ಕೆ ವರ್ಷವೂ ತಮ್ಮ ಪಾಲು ಸೇರಿಸುತ್ತಲೇ ಇವೆ.

ಮೊನ್ನೆ ಬೇಸಿಗೆಯಲ್ಲಿ ಹಾಗೆ ಬಂದ ನಾಲ್ಕು ಜನ ಯುವಕರು ಗುಂಡಿಯ ಹತ್ತಿರ ಬಟ್ಟೆ ಬಿಚ್ಚುತ್ತಿದ್ದರು. ಆಚೆ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ನಮ್ಮ ಚಿಕ್ಕಮ್ಮ, ಈಜು ಕಲಿಯದೆ ಎಪ್ಪತ್ತು ದಾಟಿದವಳು, ಕೈಯಾಡಿಸಿ ತಡೆದಳು.

“ಆ ಬದಿಗೆ ಹೋಗಡಿ ತಮಾ, ಅಲ್ಲಿ ಸುಳಿ ಇದ್ದು.”

ಅವರಲ್ಲೊಬ್ಬ, ತನಗೆ ಕಾಲೇಜಿನಲ್ಲಿ ಈಜಿಗೆ ಬಹುಮಾನ ಬಂದಿದೆ ಅಜ್ಜಿ ಎಂದ. ಚಿಕ್ಕಮ್ಮ ಉತ್ತರ ಕೊಡದೆ ಮತ್ತಿಯ ಒಣ ಎಲೆಯೊಂದನ್ನು ಹೆಕ್ಕಿ ನೀರಿಗೆ ಬಿಟ್ಟಳು. ಎಲೆ ನೆಟ್ಟಗೆ ಹೋಗಿ, ಎದುರು ಬಂಡೆಯ ಬುಡದಲ್ಲಿ ಎರಡು ಸುತ್ತು ತಿರುಗಿ ಕೆಳಕ್ಕೆ ಮುಳುಗಿ ಹೋಯಿತು. ಅದು ಮತ್ತೆಲ್ಲಿ ಏಳುತ್ತದೆ ಎಂದು ನಾಲ್ವರೂ ಬಹಳ ಹೊತ್ತು ನೋಡಿದರು. ಬಹುಮಾನದವನು ಇನ್ನೊಂದು ಎಲೆ ಬಿಟ್ಟು ನೋಡಿದ, ಅದೂ ಅಲ್ಲಿಗೇ ಹೋಯಿತು. ಆಮೇಲೆ ಈಚೆ ಮಳಲಿನ ಬದಿಗೆ ಬಂದು ಎದೆಮಟ್ಟದ ನೀರಿನಲ್ಲಿ ಮಧ್ಯಾಹ್ನದವರೆಗೆ ಈಜಿದರು. ನಮ್ಮ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು, ಮೂರರ ಬಸ್ಸಿಗೆ ಯಲ್ಲಾಪುರದ ಕಡೆ ಹೋದರು.